ಬುಗುರಿಯ ಗಂಟೆ ಲೆಕ್ಕ

ಚೆನ್ನೈನ ಹೊರಗೆ ಮುಟ್ಟುಕಾಡಿನಲ್ಲಿ ದಕ್ಷಿಣಚಿತ್ರ ಇದೆಯಲ್ಲ, 1996ರಲ್ಲಿ ತೆರೆದದ್ದು, ಹಳೆಯ ಮನೆಗಳನ್ನು ಕಟ್ಟಿ ನಿಲ್ಲಿಸಿ ಕಸುಬುಗಳನ್ನು ಕಣ್ಣೆದುರೇ ತೋರಿಸುವ ಜಾಗ. ನಮ್ಮ ಇಳಕಲ್ ನೇಕಾರರ ಮನೆಯೂ ಅಲ್ಲಿದೆ. ಒಂದು ಶನಿವಾರ, ಭಾನುವಾರ ಅಲ್ಲಿ ಚನ್ನಪಟ್ಟಣದ ಗೊಂಬೆ ಮಾರಿದೆ. ಗೊಂಬೆ ಮಾಡುವ ಅಣ್ಣನಿಗೆ ತಮಿಳು ಬಾರದು; ನಾನು ದುಭಾಷಿ, ಗಲ್ಲಾಪೆಟ್ಟಿಗೆ ಎರಡೂ.

ಲೇಥಿನಲ್ಲಿ ತಿರುಗುವ ಹಾಲೆಮರದ ತುಂಡಿಗೆ ಅಣ್ಣ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಗರಿ ಹಿಡಿದು ಉಜ್ಜಿದರೆ ಹೊಳಪು. ಅಷ್ಟು ಹೊತ್ತು ಜನ ವಿಡಿಯೊ ತೆಗೆಯುತ್ತಾರೆ. ಲೇಥ್ ನಿಂತರೆ ಗುಂಪು ಚದುರಿತು.

ಒಬ್ಬರು ಮೋಟರಿನ ವೈರ್ ನೋಡಿ, "ಇದು ಸಾಂಪ್ರದಾಯಿಕ ಅಲ್ಲವಲ್ಲ?" ಎಂದರು. ಅಣ್ಣ ನಕ್ಕರು. "ಕೈಯಲ್ಲೇ ತಿರುಗಿಸಿ ಮಾಡ್ಕೊಡ್ತೀನಿ, ಆ ಕೂಲಿ ಕೊಡ್ತಾರಾ ಕೇಳಿ ಸಾರ್." ಕೇಳಿದೆ. ಅವರು ಗಿಲಕಿ ಕೆಳಗಿಟ್ಟರು. ಕಸುಬು ಹಳೆಯದಾಗಿರಬೇಕು, ಬೆಲೆಯೂ!

ಆಫೀಸಿನಲ್ಲಿ ಗಂಟೆ ಲೆಕ್ಕದಲ್ಲಿ ಕ್ಲೈಂಟಿಗೆ ಬಿಲ್ ಹಾಕುವವನು ನಾನು. ಅಣ್ಣನ ಗಂಟೆಗಳನ್ನೂ ಕೂಡಿದೆ. ಮಾಡಿ ತೋರಿಸಿದ ಹೊತ್ತಿಗೆ ಸಿಕ್ಕಿದ್ದು ಸೊನ್ನೆ.

ಭಾನುವಾರ ರಟ್ಟಿನ ಮೇಲೆ ತಮಿಳಿನಲ್ಲಿ ಬರೆದಿಟ್ಟೆ: ನಿಮ್ಮೆದುರೇ ಬುಗುರಿ, 50 ರೂಪಾಯಿ, ಬುಗುರಿ ನಿಮಗೇ. ಮಕ್ಕಳು ಸಾಲು ನಿಂತರು. ಸಂಜೆಗೆ ಹಳದಿ ಅರಗು ಮುಗಿದು, ಕೊನೆಯ ನಾಲ್ಕು ಬುಗುರಿ ಬರೀ ಕೆಂಪಿನವು.