ತಬಲಾದ ಮುಂದೆ ಯಾರು ಕೂರಬೇಕು

ಹನುಮಸಾಗರದ ಭಜನೆಗಳಲ್ಲಿ ನಾನು ಕಂಡಂತೆ ಹೆಂಗಸರು ಹಾಡುತ್ತಿದ್ದರು, ತಾಳ ಹಾಕುತ್ತಿದ್ದರು. ಡಗ್ಗಾ-ತಬಲಾ ಮಾತ್ರ ಗಂಡಸರ ಮುಂದೆಯೇ ಇರುತ್ತಿತ್ತು. ತಬಲಾ ಕಲಿಯಬೇಕೆಂದವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ದಾರಿ ಹಿಡಿಯುತ್ತಿದ್ದರು. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧರಿಗೆ, ಬಡವರ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದ ಪುಣ್ಯದ ಜಾಗ ಅದು. ಅಲ್ಲಿ ಕಲಿತವರೇ ನಮ್ಮ ಕಡೆಯ ಪುರಾಣಗಳಿಗೆ ಸಾಥ್ ಕೊಡುತ್ತಿದ್ದರು.

"ಹೆಣ್ಮಕ್ಕಳ ಕೈಯಾಗ ಅಷ್ಟು ಕಸುವು ಎಲ್ಲೈತಿ?" ಎನ್ನುತ್ತಿದ್ದರು ಹಿರಿಯರು. ದಿನಾ ಜೋಳದ ರೊಟ್ಟಿ ಬಡಿಯುವ ಕೈಗಳ ಬಗ್ಗೆ ಆಡಿದ ಆ ಮಾತು ನನಗೆ ಇಂದಿಗೂ ನೋಯುತ್ತದೆ.

ಬೆಂಗಳೂರಿನಲ್ಲಿ ಸುಕನ್ಯಾ ರಾಮಗೋಪಾಲ್ ಅವರ ಘಟ ಕೇಳಿದ ದಿನ ಅದು ಪೊಳ್ಳು ಮಾತೆಂದು ಖಾತ್ರಿಯಾಯಿತು. ಘಟದ ಗಟ್ಟಿ ಮೈಯಿಂದ ನಾದ ಹೊರಡಿಸಲು ಬೆರಳು ಪಳಗಿರಬೇಕು. ಮದರಾಸಿನಲ್ಲಿ ಹರಿಹರ ಶರ್ಮರ ಬಳಿ ಮೃದಂಗ ಕಲಿಯುತ್ತಿದ್ದ ಇವರು ಘಟ ಬೇಕೆಂದಾಗ, ಶರ್ಮರ ಮಗ, ಘಟ ವಿದ್ವಾಂಸ ವಿಕ್ಕು ವಿನಾಯಕರಾಮ್ ಅವರೇ ಹಿಂಜರಿದಿದ್ದರು. ತಂದೆ ಪಟ್ಟು ಹಿಡಿದು ಕಲಿಸಿದರು. ಇನ್ನೊಂದು ಮಾತು: ಹೆಸರಾಂತ ಮಾನಾಮದುರೈ ಘಟಗಳನ್ನು ತಟ್ಟಿ ತಟ್ಟಿ ಹದಕ್ಕೆ ತಂದವರಲ್ಲಿ ಮೀನಾಕ್ಷಿ ಕೇಶವನ್ ಎಂಬ ಹೆಣ್ಣುಮಗಳಿದ್ದಾರೆ!

ಕಲಿತದ್ದಾಯಿತು, ಕೂರಲು ಜಾಗ ಕೊಡುವವರು ಯಾರು? ಕಚೇರಿಯಲ್ಲಿ ಘಟ ಉಪಪಕ್ಕವಾದ್ಯ. ಹಾಡುವವರು ಒಪ್ಪಬೇಕು, ಮೃದಂಗದವರು ಒಪ್ಪಬೇಕು. ಹೆಣ್ಣಿನ ಜೊತೆ ನುಡಿಸುವುದಿಲ್ಲ ಎಂದವರೂ ಇದ್ದರು. 1995ರಲ್ಲಿ ಸುಕನ್ಯಾ ಮಹಿಳೆಯರದೇ ವಾದ್ಯಮೇಳ 'ಸ್ತ್ರೀ ತಾಳ ತರಂಗ' ಕಟ್ಟಿ, ಘಟವನ್ನು ವೇದಿಕೆಯ ನಡುವೆ ತಂದಿಟ್ಟರು. ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಜೋಡಿಸಿಕೊಂಡು ಅವರು ರಾಗ ನುಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ. 2014ರ ಸಂಗೀತ ನಾಟಕ ಅಕಾಡೆಮಿ ಪುರಸ್ಕಾರ ಅವರಿಗೆ ಬಂತು, ಸಂತೋಷ. ಆದರೆ ಇತರ ಹೆಣ್ಣುಮಕ್ಕಳಿಗೂ ವೇದಿಕೆ ಮಾಡಿಕೊಟ್ಟರಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು.

ನಮ್ಮ ಭಾಗದಲ್ಲೂ ಹುಡುಗಿಯರು ಈಗ ತಬಲಾ ಪರೀಕ್ಷೆಗೆ ಕೂರುತ್ತಾರೆ, ಶಾಲೆಯ ಗ್ಯಾದರಿಂಗಿನಲ್ಲಿ ನುಡಿಸುತ್ತಾರೆ. ಪುರಾಣ ಹಚ್ಚಿದಾಗ ಮಾತ್ರ ಸಾಥಿಗೆ ಪರವೂರಿನ ಗಂಡಸರಿಗೇ ಹೇಳಿಕಳಿಸುತ್ತಾರೆ. ಶ್ರಾವಣದ ಪುರಾಣಕ್ಕೆ ವಂತಿಗೆ ಕೇಳಲು ಬಂದ ಸಮಿತಿಯವರಿಗೆ ಈ ಸಲ ಒಂದು ಮಾತು ಹೇಳಿದ್ದೇನೆ: ತಬಲಾಕ್ಕೆ ಊರ ಹುಡುಗಿಯನ್ನು ಕೂರಿಸಿರಿ, ತಿಂಗಳಿಡೀ ಆಕೆಯ ಸಂಭಾವನೆ ನನ್ನದು.