ಮರಿಯಾಗದ ಮೊಟ್ಟೆ

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ಸಂಗ್ರಹಾಲಯಕ್ಕೆ ಹೋದವರನ್ನು ಮೊದಲು ಬೆರಗುಗೊಳಿಸುವುದು ತಲೆಯ ಮೇಲೆ ತೂಗುವ ತಿಮಿಂಗಿಲದ ಅಸ್ಥಿಪಂಜರ. ನಾನು ಅಲ್ಲಿಗೆ ಹೋದದ್ದಾದರೋ ಒಂದು ಮೊಟ್ಟೆಯನ್ನು ನೋಡಲು. ಕನ್ನಡ ಮೇಷ್ಟರಿಗೆ ಮೊಟ್ಟೆಯ ಗೊಡವೆ ಏಕೆಂದು ಜೊತೆಗಿದ್ದ ಮಿತ್ರರು ನಕ್ಕರು.

ಅಧಿಕಾರಿಯೊಬ್ಬರು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಗ್ರೇಟ್ ಆಕ್ ಎಂಬ ಕಡಲಹಕ್ಕಿಯ ಮೊಟ್ಟೆ. ಉದ್ದ ಸುಮಾರು 12 ಸೆಂಟಿಮೀಟರ್, ಒಂದು ತುದಿ ಚೂಪು. ಹಳದಿ ಬೆರೆತ ಬಿಳುಪಿನ ಮೇಲೆ ಕಪ್ಪು, ಕಂದು ಗೆರೆಗಳು. ಯಾರೋ ಶಾನುಭೋಗರು ಅವಸರದಲ್ಲಿ ಮೋಡಿ ಅಕ್ಷರದಲ್ಲಿ ಗೀಚಿದಂತೆ. ಒಂದು ಮೊಟ್ಟೆಯ ಗೆರೆಗಳು ಇನ್ನೊಂದರಲ್ಲಿರವು. ಚಿಪ್ಪಿನಲ್ಲೊಂದು ರಂಧ್ರ. ಒಳಗಿನ ಜೀವವನ್ನು ಹೊರಚೆಲ್ಲಿ ಚಿಪ್ಪನ್ನು ಉಳಿಸಿಕೊಂಡ ದಾರಿ ಅದು.

ಉತ್ತರ ಅಟ್ಲಾಂಟಿಕ್ ಸಾಗರದ ಈ ಹಕ್ಕಿ ಎರಡೂವರೆ ಅಡಿ ಎತ್ತರವಿತ್ತು, ಹಾರಲು ಬಾರದು. ನೀರಿನಲ್ಲಿ ಮೀನಿನಷ್ಟು ಚುರುಕು, ನೆಲದ ಮೇಲೆ ತೀರ ಅಸಹಾಯ. ವರ್ಷಕ್ಕೊಂದೇ ಮೊಟ್ಟೆ, ಅದೂ ಬರಿಯ ಬಂಡೆಯ ಮೇಲೆ. 1534ರಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೇಯ ಜನರು ನ್ಯೂಫೌಂಡ್‌ಲೆಂಡಿನ ಬಳಿ ಅರ್ಧ ಗಂಟೆಯೊಳಗೆ ಎರಡು ದೋಣಿಗಳ ತುಂಬ ಈ ಹಕ್ಕಿಗಳನ್ನು ಹೇರಿಕೊಂಡರು. ಮುಂದೆ ಮಾಂಸಕ್ಕೆ, ಎಣ್ಣೆಗೆ, ಹಾಸಿಗೆಯ ಗರಿಗೆ ಕೊಲೆ ನಡೆದೇ ನಡೆಯಿತು. ಸೌದೆಯಿಲ್ಲದ ದ್ವೀಪದಲ್ಲಿ ಕೊಬ್ಬಿದ ಹಕ್ಕಿಯನ್ನೇ ಒಲೆಗೆ ಒಡ್ಡಿದರಂತೆ!

ಹಸಿವಿನ ಕೊಲೆ ಅರ್ಥವಾದೀತು. ಹಕ್ಕಿ ವಿರಳವಾದಾಗ ಅದರ ಚರ್ಮ, ಮೊಟ್ಟೆಗಳಿಗೆ ಬೆಲೆ ಏರಿಸಿದವರು ವಿದ್ಯಾವಂತ ಸಂಗ್ರಾಹಕರು. 1830ರಲ್ಲಿ ಐಸ್‌ಲೆಂಡಿನ ಬಳಿಯ ಇವುಗಳ ನೆಲೆಯೊಂದು ಜ್ವಾಲಾಮುಖಿಯಿಂದ ಸಮುದ್ರದ ಪಾಲಾಯಿತು. ಉಳಿದವು ಎಲ್ಡೇ ಎಂಬ ಕಡಿದಾದ ಬಂಡೆಯನ್ನು ಸೇರಿದವು. 1844ರ ಜೂನ್ ಮೊದಲ ವಾರದಲ್ಲಿ ಕೆಲವರು ಅಲ್ಲಿಗೂ ಹತ್ತಿ ಎರಡು ಹಕ್ಕಿಗಳ ಕತ್ತು ಹಿಸುಕಿದರು. ಮೊಟ್ಟೆಯೂ ಇತ್ತು. ಕೈಗೆತ್ತಿಕೊಂಡವನು, ಅದು ಒಡೆದಿದೆಯೆಂದು ಅಲ್ಲಿಯೇ ಇಟ್ಟು ಬಂದ. ಒಡೆದುದಕ್ಕೆ ಬೆಲೆ ಬಾರದಷ್ಟೆ.

ಇದು ತಿಳಿದುಬಂದದ್ದು ಜಾನ್ ವೂಲಿ, ಆಲ್ಫ್ರೆಡ್ ನ್ಯೂಟನ್ ಎಂಬ ಇಬ್ಬರು ಆಂಗ್ಲ ಮಿತ್ರರಿಂದ. 1858ರಲ್ಲಿ ಐಸ್‌ಲೆಂಡಿಗೆ ಹೋದ ಇವರು ಸುಮಾರು ಎರಡು ತಿಂಗಳು ಕಾದರೂ ಅಲೆಗಳು ಎಲ್ಡೇಗೆ ದಾರಿ ಬಿಡಲಿಲ್ಲ. ಅಂದು ಹೋಗಿದ್ದ ಬೆಸ್ತರನ್ನೇ ಕೇಳಿ ಬರೆದುಕೊಂಡರು. ಇಬ್ಬರೂ ಮೊಟ್ಟೆ ಸಂಗ್ರಹಿಸುವ ಗೀಳಿನವರೇ! ವೂಲಿ ಮರುವರ್ಷವೇ ತೀರಿಕೊಂಡರು. ನ್ಯೂಟನ್ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾಗಿ, ಸಂತಾನಕಾಲದಲ್ಲಿ ಕಡಲಹಕ್ಕಿಗಳನ್ನು ಕೊಲ್ಲಬಾರದೆಂದು ವಾದಿಸಿದವರಲ್ಲಿ ಮುಂದಾದರು. 1869ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ಶಾಸನವಾಯಿತು.

ಇಂದು ಜಗತ್ತಿನಲ್ಲಿ ಇಂಥ ಮೊಟ್ಟೆಗಳು ಸುಮಾರು 75 ಇವೆ.

ಕೈಯಲ್ಲಿ ಹಿಡಿಯಬಹುದೇ ಎಂದು ಕೇಳಿದೆ. ಅಧಿಕಾರಿ ಸೌಜನ್ಯದಿಂದಲೇ ಆಗದೆಂದು ಹೇಳಿ ಮುಚ್ಚಳ ಹಾಕಿದರು.