ಫಲಿತಾಂಶದ ನಂತರದ ಹಬ್ಬದೂಟ

2016ರ ನವೆಂಬರ್ 8ರಂದು ನಡೆದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರೂ, ಅಧ್ಯಕ್ಷರನ್ನು ವಾಸ್ತವವಾಗಿ ಆರಿಸುವ ರಾಜ್ಯವಾರು ಪ್ರತಿನಿಧಿಗಳ ಕೂಟವಾದ ಮತದಾರ ಮಂಡಲಿಯಲ್ಲಿ ಬಹುಮತ ದೊರೆತದ್ದು ಡೊನಾಲ್ಡ್ ಟ್ರಂಪ್ ಅವರಿಗಾದ್ದರಿಂದ, ಸೋತವರಿಗೆ ಅನ್ಯಾಯವೆಂದೂ ಗೆದ್ದವರಿಗೆ ನಿಯಮಬದ್ಧವೆಂದೂ ಕಂಡ ಆ ಫಲಿತಾಂಶವು ಎಷ್ಟೋ ಕಡೆ ಒಂದೇ ಮನೆಯವರನ್ನು ಎದುರುಬದುರಾಗಿ ನಿಲ್ಲಿಸಿತು. ಅದಾದ ಹದಿನಾರನೆಯ ದಿನವೇ ಥ್ಯಾಂಕ್ಸ್‌ಗಿವಿಂಗ್, ಅಂದರೆ ದೂರದೂರಿನ ಬಂಧುಗಳೆಲ್ಲ ಒಂದೆಡೆ ಸೇರಿ ಉಣ್ಣುವ ಕೃತಜ್ಞತೆಯ ಹಬ್ಬ. ಅರ್ಥಶಾಸ್ತ್ರಜ್ಞ ಕೀತ್ ಚೆನ್ ಅವರು ಸಹಲೇಖಕರೊಬ್ಬರೊಡನೆ ಮೊಬೈಲ್ ಫೋನುಗಳ ಸ್ಥಳಮಾಹಿತಿಯನ್ನು ಮತಗಟ್ಟೆವಾರು ಫಲಿತಾಂಶಕ್ಕೆ ಜೋಡಿಸಿ, 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಿನ್ನ ಒಲವಿನ ಪ್ರದೇಶಗಳವರು ಕೂಡಿದ ಊಟಗಳು ಉಳಿದವಕ್ಕಿಂತ 30ರಿಂದ 50 ನಿಮಿಷ ಮೊದಲೇ ಮುಗಿದಿದ್ದವು. ಚುನಾವಣಾ ಜಾಹೀರಾತು ಹೆಚ್ಚಾಗಿ ಬಿತ್ತರವಾದ ಕಡೆ ಈ ಅಂತರ ಇನ್ನೂ ಹಿಗ್ಗಿತ್ತು. ಬಂಧುಗಳ ಬಿರುಕಿಗೆ ಅವರವರ ಹಟವನ್ನೇ ದೂರುವುದು ರೂಢಿಯಾದರೂ, ಹಣ ಸುರಿದು ನಡೆಸಿದ ಪ್ರಚಾರದ ಪಾಲೂ ಅದರಲ್ಲಿದೆ ಎಂಬುದು ನಿಜಕ್ಕೂ ನೋವಿನ ಸಂಗತಿ. ರಾಜಕೀಯದ ಮಾತೆತ್ತಬಾರದೆಂಬ ಕರಾರಿನ ಮೇಲೆ ಜೊತೆಯಾಗಿ ಕುಳಿತ ಕುಟುಂಬಗಳೂ ಇದ್ದವು. ಆ ಮೌನವನ್ನು ಹೇಡಿತನವೆನ್ನುವುದು ತಪ್ಪಾಗುತ್ತದೆ, ಏಕೆಂದರೆ ಮರುವರ್ಷವೂ ಅದೇ ಬಂಧುಗಳು ಬರಬೇಕೆಂಬ ಆಸೆ ಅದರ ಹಿಂದಿತ್ತು.